ಅಣ್ಣನ ಮತ, ಬೆರಿಲ್‌ಳ ಕೈ

ಬೆರಿಲ್ ಆರ್ಮರಾಡ್ ಕೈಯೆತ್ತಿದರೆ ಕಲ್ಲುಗಣಿಯ ಲಾರಿಯೂ ನಿಲ್ಲುತ್ತದೆ. ನಮ್ಮ ಕಾಲ್ಡರ್‌ಶಾ ಊರಿನ ಶಾಲೆಯ ಮುಂದೆ ಹತ್ತೊಂಬತ್ತು ವರ್ಷದಿಂದ ಮೊಣಕಾಲು ಮುಟ್ಟುವ ಹಳದಿ ಕೋಟು ತೊಟ್ಟು, ದುಂಡು ಫಲಕದ ಉದ್ದನೆಯ ಕೋಲು ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವ ಕೆಲಸ ಅವಳದು. ಮಳೆಯಿರಲಿ, ಹಿಮವಿರಲಿ, ಬೆಳಿಗ್ಗೆ ಎಂಟೂವರೆಗೆ ಅವಳು ಅಲ್ಲಿ ಹಾಜರು. ಒಮ್ಮೆ ಪೊಲೀಸ್ ಗಾಡಿಯನ್ನೇ ತಡೆದು, “ಸೈರನ್ ಹಾಕಿದ್ರೆ ಬಿಡ್ತೀನಿ, ಟೀ ಕುಡಿಯೋಕೆ ಹೋಗ್ತಿದ್ರೆ ಸುಮ್ನೆ ನಿಲ್ರಿ” ಎಂದವಳು. ಯಾರಿಗೂ ಸೊಪ್ಪು ಹಾಕುವ ಪೈಕಿಯಲ್ಲ. ಇಂಥವಳು ಆ ಸಲದ ಚುನಾವಣೆಯಲ್ಲಿ ಯಾವ ಪಕ್ಷಕ್ಕೆ ಮತ ಹಾಕುವುದೆಂದು ತಿಳಿಯದೆ ಮೂರು ವಾರ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂರಲಿಲ್ಲ ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ. ನಾನು ನಂಬುತ್ತೇನೆ. ನಾನು ಪಕ್ಕದ ಮನೆಯವಳು, ನಡುವಿನ ಗೋಡೆ ತೆಳುವಾದದ್ದು, ಅವಳು ಮೆಟ್ಟಿಲು ಹತ್ತಿ ಇಳಿದದ್ದೆಲ್ಲ ನನ್ನ ಕಿವಿಯೊಳಗೇ.

ನನ್ನ ಹೆಸರು ಥೆಲ್ಮಾ. ನನಗೆ ತಾಳ್ಮೆ ಕಡಿಮೆ. ಬಲ್ಲವರೆಲ್ಲ ಹಾಗೆನ್ನುತ್ತಾರೆ, ನಾನೂ ಒಪ್ಪುತ್ತೇನೆ. ಇಪ್ಪತ್ತೆರಡು ವರ್ಷದಿಂದ ಪ್ರತಿ ಚುನಾವಣೆಗೂ ಮೆಥಡಿಸ್ಟ್ ಚರ್ಚಿನ ಸಭಾಂಗಣದ ಮತಗಟ್ಟೆಯಲ್ಲಿ ಗುಮಾಸ್ತೆಯಾಗಿ ಕೂರುತ್ತೇನೆ. ಪಟ್ಟಿಯಲ್ಲಿ ಹೆಸರು ಹುಡುಕಿ ಗೆರೆ ಎಳೆಯುವುದು, ಮತಪತ್ರ ಹರಿದು ಕೊಡುವುದು, ಬಾಯಿ ಮುಚ್ಚಿಕೊಂಡಿರುವುದು, ಇಷ್ಟೇ ಕೆಲಸ. ಮೂರನೆಯದೇ ನನಗೆ ಕಷ್ಟ. ಒಳಗೆ ಕಂಡದ್ದನ್ನು ಹೊರಗೆ ಆಡಬಾರದೆಂದು ಸಹಿ ಹಾಕಿದವಳು ನಾನು, ಆದ್ದರಿಂದ ಇದನ್ನು ಬರೆಯುವ ಮೊದಲು ಬೆರಿಲ್‌ಳನ್ನು ಕೇಳಿದೆ. “ಬರೀ, ಆದ್ರೆ ನನ್ನನ್ನ ಅಳುಬುರುಕಿ ಮಾಡ್ಬೇಡ” ಎಂದಳು. ಮಾಡುವುದಿಲ್ಲ.

ನಮ್ಮ ಕಡೆ ಪಕ್ಷಗಳ ಹೆಸರಿಗಿಂತ ಬಣ್ಣದ ಮಾತೇ ಹೆಚ್ಚು. ಲೇಬರ್ ಎಂದರೆ ಕೆಂಪು, ಟೋರಿ ಎಂದರೆ ನೀಲಿ, ಲಿಬರಲ್ ಎಂದರೆ ಹಳದಿ. ಬೆರಿಲ್ ಹುಟ್ಟಿದ ಮನೆ ಕಡುಕೆಂಪು. ಅವಳ ಅಪ್ಪ ಹತ್ತಿ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದವರು, ಕಾರ್ಮಿಕ ಸಂಘದ ಮುಂದಾಳು. ಕತ್ತೆಗೆ ಕೆಂಪು ರಿಬ್ಬನ್ ಕಟ್ಟಿ ನಿಲ್ಲಿಸಿದರೂ ನನ್ನ ಮತ ಅದಕ್ಕೇ ಎನ್ನುತ್ತಿದ್ದರು. ಅಂಥವರ ಹೊಟ್ಟೆಯಲ್ಲಿ ಕ್ಲಿಫ್ ಹುಟ್ಟಿದ. ಬೆರಿಲ್‌ಗಿಂತ ಆರು ವರ್ಷ ದೊಡ್ಡವನು, ನಲ್ಲಿ ಪೈಪಿನ ಕೆಲಸದವನು. ನಗರಸಭೆ ತನ್ನ ಬಾಡಿಗೆ ಮನೆಗಳನ್ನು ಇದ್ದವರಿಗೇ ಮಾರಿದ ಕಾಲದಲ್ಲಿ ಕ್ಲಿಫ್ ತನ್ನದನ್ನು ಕೊಂಡುಕೊಂಡ, ಸ್ವಂತ ವ್ಯಾನು ಇಟ್ಟ, ಮುಂದಿನ ಚುನಾವಣೆಗೆ ಎದೆಯ ಮೇಲೆ ನೀಲಿ ರಿಬ್ಬನ್ನಿನ ಹೂವು ಸಿಕ್ಕಿಸಿಕೊಂಡು ಬೀದಿಯಲ್ಲಿ ಓಡಾಡಿದ.

ಅಪ್ಪ ಮಗ ಎರಡು ವರ್ಷ ಮಾತು ಬಿಟ್ಟರು. ಭಾನುವಾರದ ಊಟ ಮಾತ್ರ ಒಂದೇ ಮೇಜಿನಲ್ಲಿ, ಅಮ್ಮನ ಅಪ್ಪಣೆ. “ಬೆರಿಲ್, ಉಪ್ಪು ಈ ಕಡೆ ತಳ್ಳು ಅಂತ ನಿಮ್ಮಣ್ಣಂಗೆ ಹೇಳು” ಎಂದು ಅಪ್ಪ. “ಬೆರಿಲ್, ಬಾಯಿದ್ರೆ ನನ್ನನ್ನೇ ಕೇಳ್ಬೋದು ಅಂತ ಅಪ್ಪಂಗೆ ಹೇಳು” ಎಂದು ಮಗ. ನಡುವೆ ಕೂತ ಬೆರಿಲ್ ಉಪ್ಪನ್ನೂ ಬೈಗುಳವನ್ನೂ ಅತ್ತಿತ್ತ ಸಾಗಿಸುತ್ತಿದ್ದಳು. ಕೊನೆಗೆ ಅಪ್ಪನೇ ಒಂದು ದಿನ ಬಾಯಿ ಬಿಟ್ಟರು, “ಒಂದಿನ ನೀನೇ ಬಂದು ಅಪ್ಪ ಹೇಳಿದ್ದೇ ಸರಿ ಅಂತೀಯ, ನೋಡ್ತಿರು” ಎಂದರು. “ಆ ದಿನ ಬಂದ್ರೆ ನನ್ನ ನಾಲಿಗೆ ಬಿದ್ಹೋಗ್ಲಿ” ಎಂದ ಕ್ಲಿಫ್. ಮುಂದೆ ರಾಜಿಯಾದರು, ಒಟ್ಟಿಗೆ ಫುಟ್‌ಬಾಲ್ ನೋಡಲು ಹೋದರು, ಅಪ್ಪ ಸತ್ತಾಗ ಹೆಣದ ಪೆಟ್ಟಿಗೆಗೆ ಮೊದಲು ಹೆಗಲು ಕೊಟ್ಟವನೂ ಕ್ಲಿಫ್. ಆ ಮಾತನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ.

ಅಪ್ಪ ಹೋದ ಮೇಲೆ ಅಣ್ಣ ತಂಗಿಯದು ಒಂದು ಪದ್ಧತಿಯಾಯಿತು. ಮತದಾನದ ದಿನ ತೋಳಿಗೆ ತೋಳು ಸೇರಿಸಿಕೊಂಡು ನನ್ನ ಮೇಜಿನ ಮುಂದೆ ಬಂದು ನಿಲ್ಲುವರು. “ಥೆಲ್ಮಾ, ಈ ಪೆದ್ದಿಗೆ ಒಂದು ಕಾಗದ ಕೊಡಮ್ಮ, ಹಾಳು ಮಾಡ್ತಾಳೆ” ಎಂದು ಅವನು. “ಇವನಿಗೆ ಪೆನ್ಸಿಲು ಯಾವ ಕಡೆಯಿಂದ ಹಿಡಿಯೋದು ಅಂತ ತೋರಿಸಿಬಿಡು” ಎಂದು ಇವಳು. ಪೆಟ್ಟಿಗೆಗೆ ಒಂದು ಕೆಂಪು, ಒಂದು ನೀಲಿ ಮತ ಬೀಳುವುದು. ಆಮೇಲೆ ಬೆರಿಲ್‌ಳ ಮನೆಯಲ್ಲಿ ಆಲೂಗಡ್ಡೆ ಈರುಳ್ಳಿಯ ಪೈ, ಜೊತೆಗೆ ಕೆಂಪು ಕೋಸಿನ ಉಪ್ಪಿನಕಾಯಿ. “ನನ್ನದನ್ನ ನಿನ್ನದು ತಿಂತು, ನಿನ್ನದನ್ನ ನನ್ನದು ತಿಂತು. ಮನೇಲೇ ಬಿದ್ಕೊಂಡಿದ್ರೆ ಬೂಟಾದ್ರೂ ಉಳೀತಿತ್ತು” ಎಂದು ಪ್ರತಿಸಲವೂ ಕ್ಲಿಫ್ ಹೇಳುವುದು, ಪ್ರತಿಸಲವೂ ಹೊಸದಾಗಿ ಕೇಳಿದಂತೆ ಬೆರಿಲ್ ನಗುವುದು.

ಆ ಸಲ ಮೊದಲು ಅಲುಗಾಡಿದ್ದು ಬೆರಿಲ್. ಕೆಂಪಿನವರು ಹೊಸ ಹುಡುಗನೊಬ್ಬನನ್ನು ನಿಲ್ಲಿಸಿದ್ದರು. ಅವನು ಶಾಲೆಯ ಮುಂದೆ ಮತ ಕೇಳಲು ಬಂದು, ಬೆರಿಲ್ ಕೈಯೆತ್ತುವ ಮೊದಲೇ ಫೋನು ನೋಡಿಕೊಂಡು ರಸ್ತೆಗೆ ಕಾಲಿಟ್ಟ. ಇವಳು ಕೊರಳಪಟ್ಟಿ ಹಿಡಿದು ಹಿಂದಕ್ಕೆಳೆದಳು. ನಲವತ್ತು ಮಕ್ಕಳ ಎದುರಿಗೆ, “ಏಳು ವರ್ಷದ ಮಗುಗೆ ಇರೋ ಬುದ್ಧಿ ನಿಂಗಿಲ್ವಲ್ಲಪ್ಪ, ದೇಶ ಆಳ್ತೀಯಾ?” ಎಂದಳು. ಅವನು ನಗುತ್ತ ಒಂದು ಕರಪತ್ರ ಕೊಟ್ಟು ಹೋದ. ಅದು ಅವಳಿಗೆ ಇನ್ನೂ ಉರಿ. ಹಳದಿಯಿಂದ ನಿಂತವಳು ನಮ್ಮೂರಿನ ದನದ ಡಾಕ್ಟರಮ್ಮ. ಬೆರಿಲ್‌ಳ ಮುದಿ ನಾಯಿ ಸಾಯುವ ದಿನ ಕರೆಯುವ ಮೊದಲೇ ಬಂದು, ಅಡುಗೆಮನೆಯ ನೆಲದ ಮೇಲೆ ಕೂತು, ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡವಳು.

“ಮನಸ್ಸೆಲ್ಲ ಅವಳ ಕಡೆಗಿದೆ ಕಣೇ” ಎಂದಳು ಬೆರಿಲ್, ನಮ್ಮ ಹಿತ್ತಿಲ ಗೋಡೆಗೆ ಒರಗಿ.

“ಹಾಗಿದ್ರೆ ಅವಳಿಗೇ ಹಾಕು.”

“ಅವಳು ಗೆಲ್ಲಲ್ಲ. ಹೋದ ಸಲ ನೀಲಿ ಕೆಂಪಿನ ಮೇಲೆ ಗೆದ್ದಿದ್ದು ಬರೀ ಎಂಬತ್ಮೂರು ಮತದಲ್ಲಿ. ನನ್ನಂಥವರು ಹಳದಿಗೆ ಹೋದ್ರೆ ಮತ್ತೆ ನೀಲೀನೇ ಬಂದು ಕೂರುತ್ತೆ. ಅಪ್ಪ ಗೋರಿಯಿಂದ ಎದ್ದು ಬರ್ತಾನೆ.”

“ಹಾಗಿದ್ರೆ ಕೆಂಪಿಗೆ ಹಾಕು.”

“ಆ ಹುಡುಗನ ಮುಖ ನೆನೆಸ್ಕೊಂಡ್ರೆ ಪೆನ್ಸಿಲ್ ಮುರೀಬೇಕು ಅನ್ಸುತ್ತೆ.”

“ಹಾಗಿದ್ರೆ ಮನೇಲಿ ಕೂತು ಪೈ ತಿನ್ನು, ತಾಯಿ! ನನ್ನ ಬಟ್ಟೆ ಒಣಗಬೇಕು, ಗೋಡೆ ಬಿಡು.”

ನನ್ನ ಸಿಟ್ಟು ಅವಳಿಗೆ ನಾಟಲಿಲ್ಲ. ಸೋಮವಾರ ಅವಳ ಕಿಟಕಿಯಲ್ಲಿ ಕೆಂಪು ಭಿತ್ತಿಪತ್ರ ಇತ್ತು. ಬುಧವಾರ ಅದು ಹೋಗಿ ಹಳದಿ ಬಂತು. ಶುಕ್ರವಾರ ಎರಡೂ ಇರಲಿಲ್ಲ, ಕಿಟಕಿಯ ಗಾಜನ್ನು ಒಂದೇ ಸಮನೆ ಉಜ್ಜುತ್ತಿದ್ದಳು. ಮತ ಕೇಳಲು ಬಂದವರಿಗೆಲ್ಲ “ಆಯ್ತು, ನಿಮಗೇ” ಎನ್ನುತ್ತಿದ್ದಳಂತೆ. ಯಾಕೇ ಹೀಗೆ ಎಂದರೆ, “ಪಾಪ, ಮಳೇಲಿ ನೆನೆದ್ಕೊಂಡು ಬಂದಿದ್ರು” ಎಂದಳು. ಅವಳ ಒಳಗೆ ಯಾವುದೋ ನಲ್ಲಿ ಸೋರುತ್ತಿತ್ತು, ಮುಚ್ಚಲು ಕೈಗೆ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಕ್ಲಿಫ್ ಬಿದ್ದ. ಮತದಾನಕ್ಕೆ ಹತ್ತು ದಿನ ಇರುವಾಗ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ಸೂರಿನ ನೀರಿನ ದೋಣಿಯ ಕಸ ತೆಗೆಯಲು ಏಣಿ ಹತ್ತಿ ಸೊಂಟದ ಕೀಲು ಮುರಿದುಕೊಂಡ. ಹೆಂಡತಿ ಜೀನ್ ತೀರಿಕೊಂಡು ಎರಡು ವರ್ಷವಾಗಿತ್ತು, ಬೇಡ ಎನ್ನುವವರಿರಲಿಲ್ಲ. ಹನ್ನೆರಡು ಮೈಲಿ ದೂರದ ಆಸ್ಪತ್ರೆ. ಬೆರಿಲ್‌ಗೆ ಕಾರು ಓಡಿಸಲು ಬರದು, ದಿನಾ ಕರೆದುಕೊಂಡು ಹೋಗುತ್ತಿದ್ದವಳು ನಾನು.

ಶಸ್ತ್ರಚಿಕಿತ್ಸೆಯಾದ ಮರುದಿನ, ಬುಧವಾರ, ನಾವು ಹೋದಾಗ ಕ್ಲಿಫ್ ದಿಂಬಿಗೊರಗಿ ಕೂತಿದ್ದ. ನಾಲ್ಕು ಮಂಚದ ಕೋಣೆ. ನನ್ನನ್ನು ಕಂಡವನೇ, “ಥೆಲ್ಮಾ, ನನ್ನ ಮತ ಏನಾಗುತ್ತೆ?” ಎಂದ.

ಅಂಚೆಯ ಮತಕ್ಕೆ ಅರ್ಜಿ ಹಾಕುವ ದಿನ ದಾಟಿತ್ತು. ಬದಲಿಗೆ ಇನ್ನೊಬ್ಬರು ಮತ ಹಾಕಲು ಅರ್ಜಿ ಕೊಡಬಹುದಿತ್ತು, ಅದಕ್ಕೆ ಆ ದಿನವೇ ಕೊನೆ, ಸಂಜೆ ಐದರೊಳಗೆ. ನಾನು ಫಾರಂ ತಂದಿದ್ದೆ. ಈ ವಿಷಯದಲ್ಲಿ ನಾನು ಬಲು ಶಿಸ್ತಿನವಳು.

“ಯಾರ ಹೆಸರು ಹಾಕ್ಲಿ?” ಎಂದೆ.

“ನಮ್ ಬೆರಿಲ್‌ದು” ಎಂದ.

ಬೆರಿಲ್ ಕಿಸಕ್ಕನೆ ನಕ್ಕಳು. “ಅರಿವಳಿಕೆ ಇನ್ನೂ ಇಳಿದಿಲ್ಲ ಇವನಿಗೆ. ನಿನ್ನ ನೀಲಿ ಮತಾನ ನನ್ನ ಕೈಗೆ ಕೊಡ್ತೀಯೇನೋ? ಬೆಕ್ಕಿನ ಕೈಗೆ ಹಾಲು ಕೊಟ್ಟ ಹಾಗೆ.”

“ಇನ್ಯಾರಿದ್ದಾರೆ ನಂಗೆ?” ಎಂದ ಕ್ಲಿಫ್. ನಗಲಿಲ್ಲ. ಸಹಿ ಹಾಕಿದ, ಆ ಕೈಗೆ ಇನ್ನೂ ಸೂಜಿಯ ಪಟ್ಟಿ ಅಂಟಿತ್ತು. ಪೆನ್ನು ಕೆಳಗಿಟ್ಟು ಕಿಟಕಿಯ ಕಡೆ ನೋಡುತ್ತ, “ನೀಲಿ. ಯಾವತ್ತಿನ ಹಾಗೆ. ಗೊತ್ತಲ್ಲ?” ಎಂದ.

“ಗೊತ್ತು ಮಾರಾಯ.”

“ಮತಗಟ್ಟೆಯ ಮರೆ ಹಿಂದೆ ನೀನೇನು ಮಾಡ್ತೀಯೋ ಯಾರಿಗೆ ಕಾಣುತ್ತೆ ಬಿಡು. ದೇವರಿಗೂ ಕಾಣಲ್ಲ.”

ಬೆರಿಲ್‌ಳ ಮುಖ ಕೆಂಪಾಯಿತು. “ಏನು ಮಾತು ಅಂತ ಆಡ್ತೀಯೋ? ನಾನು ನಿಂಗೆ ಯಾವತ್ತಾದ್ರೂ ಮೋಸ ಮಾಡಿದೀನಾ? ಮಾತು ಕೊಡ್ತೀನಿ ನೋಡು, ಅಮ್ಮನಾಣೆ, ನೀಲಿ ಅಂದ್ರೆ ನೀಲಿ” ಎಂದು ಅವನ ಹಾಸಿಗೆಯ ಅಂಚನ್ನು ಗುದ್ದಿದಳು. ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ನರ್ಸ್ ಬಂದಳು, ನಾವು ಎದ್ದೆವು.

ಮಾತು ಕೊಟ್ಟದ್ದೇನೋ ಕೊಟ್ಟಳು. ಕಾರಿನಲ್ಲಿ ಬರುವಾಗಲೇ ಅವಳ ತಲೆಯೊಳಗೆ ಹುಳ ಓಡಾಡಲು ಶುರು. ಅರ್ಧ ದಾರಿಯಲ್ಲಿ, “ಥೆಲ್ಮಾ, ನನ್ನ ಕೈಲಿ ಎರಡು ಕಾಗದ ಇರುತ್ತೆ ಅಲ್ವಾ?” ಎಂದಳು.

“ಇರುತ್ತೆ.”

“ಒಂದು ಕೆಂಪಿಗೆ, ಒಂದು ಡಾಕ್ಟರಮ್ಮಂಗೆ ಹಾಕಿದ್ರೆ ನನ್ನ ತಲೆನೋವೇ ಮುಗೀತು. ಅಪ್ಪಂಗೂ ಆಯ್ತು, ನನ್ನ ಮನಸ್ಸಿಗೂ ಆಯ್ತು.”

ನಾನು ಗೇರು ಬದಲಿಸಿದೆ.

“ಏನಾದ್ರೂ ಹೇಳೇ!”

“ಈಗ ತಾನೇ ಅಮ್ಮನಾಣೆ ಹಾಕಿದ್ಯಲ್ಲ, ನಾನೇನು ಹೇಳ್ಲಿ? ನಾನು ಮತಗಟ್ಟೆ ಗುಮಾಸ್ತೆ, ಪಾದ್ರಿ ಅಲ್ಲ.”

ಆಮೇಲಿನ ಎಂಟು ದಿನ ಅವಳ ಜೊತೆ ಬದುಕುವುದೇ ಸಾಕುಸಾಕಾಯಿತು. ಒಂದು ದಿನ ಬೆಳಿಗ್ಗೆ ಬಾಗಿಲು ಬಡಿದು, “ಮೋಸ ಅಂದ್ರೆ ಅವನಿಗೆ ಗೊತ್ತಾದ್ರೆ ತಾನೇ ಮೋಸ?” ಎಂದಳು. ಇನ್ನೊಂದು ದಿನ ಅಂಗಡಿಯ ಸಾಲಿನಲ್ಲಿ ಹಿಂದಿನಿಂದ ಬಂದು, “ಅವನು ಮಂಚದಲ್ಲಿ ಬಿದ್ದಿರೋವಾಗ ಅವನ ಜೇಬಿಗೆ ಕೈ ಹಾಕಿದ ಹಾಗಾಗುತ್ತೆ ಕಣೇ, ನಂಗೆ ಬೇಡ” ಎಂದಳು. ಮಧ್ಯಾಹ್ನದ ಹೊತ್ತಿಗೆ, “ಹಾಗಂತ ಅಣ್ಣಂಗೆ ಮಾತು ಕೊಟ್ಟಿದ್ದಕ್ಕೆ ಆ ನೀಲಿಗೆ ನನ್ನ ಕೈಯಾರೆ ಹಾಕ್ಲಾ? ನನ್ನ ಕೈ ಬಿದ್ಹೋಗಲ್ವಾ?” ಎಂದು ತಿರುಗಿ ಬಿದ್ದಳು. ಶನಿವಾರ ಅವಳು ಪರದೆಗಳನ್ನೆಲ್ಲ ಬಿಚ್ಚಿ ಒಗೆದಳು, ಭಾನುವಾರ ಒದ್ದೆಯಾಗಿಯೇ ಮತ್ತೆ ಏರಿಸಿದಳು. ಎರಡು ದೋಣಿಯಲ್ಲಿ ಕಾಲಿಟ್ಟವರನ್ನು ಕಂಡಿದ್ದೇನೆ, ಇವಳದು ಮೂರು. ಎಲ್ಲಕ್ಕಿಂತ ಅವಳನ್ನು ಕೊರೆದದ್ದು ಒಂದೇ ಮಾತು. “ಮರೆ ಹಿಂದೆ ನೀನೇನು ಮಾಡ್ತೀಯೋ ಅಂದ್ನಲ್ಲ, ನನ್ನನ್ನ ಕಳ್ಳಿ ಅಂದ್ಕೊಂಡಿದಾನಲ್ಲ” ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ಕಳ್ಳತನದ ಯೋಚನೆ ಮಾಡುತ್ತಲೇ ಕಳ್ಳಿ ಎನ್ನಿಸಿಕೊಂಡದ್ದಕ್ಕೆ ಅವಳಿಗೆ ಸಂಕಟ. ಮನುಷ್ಯರೇ ಹೀಗೆ, ಏನು ಮಾಡುವುದು.

ಗುರುವಾರ ಬಂತು. ಬೆಳಿಗ್ಗೆ ಏಳಕ್ಕೆ ನಾವು ಬಾಗಿಲು ತೆರೆದೆವು. ನಮ್ಮ ಮತಗಟ್ಟೆಯ ಅಧಿಕಾರಿ ನಟಾಲ್ ಎಂಬ ಮನುಷ್ಯ, ನಿಯಮದ ಪುಸ್ತಕವನ್ನು ಊಟದ ಡಬ್ಬಿಯ ಜೊತೆಯಲ್ಲೇ ಇಟ್ಟುಕೊಂಡು ಬರುವವರು. ಮಕ್ಕಳನ್ನೆಲ್ಲ ದಾಟಿಸಿ ಒಂಬತ್ತೂ ಇಪ್ಪತ್ತಕ್ಕೆ ಬೆರಿಲ್ ಒಳಗೆ ಬಂದಳು, ಮೈಮೇಲೆ ಕೆಲಸದ ಕೋಟೇ ಇತ್ತು. ನಟಾಲ್ ಎದ್ದು ನಿಂತರು.

“ಆರ್ಮರಾಡ್ ಅವ್ರೇ, ಆ ಕೋಟು…”

“ಕೋಟಿಗೇನಾಗಿದೆ?”

“ಹಳದಿ. ಒಂದು ಪಕ್ಷದ ಬಣ್ಣ ತೊಟ್ಕೊಂಡು ಮತಗಟ್ಟೆಯೊಳಗೆ…”

“ನಟಾಲ್ ಅವ್ರೇ, ಇದು ನಗರಸಭೆ ಕೊಟ್ಟಿರೋ ಕೋಟು. ಇದೇ ಹಾಕ್ಕೊಂಡು ನಿಮ್ಮ ಮೊಮ್ಮಕ್ಕಳನ್ನ ದಿನಾ ರಸ್ತೆ ದಾಟಿಸ್ತೀನಿ. ಆಗ ಈ ಬಣ್ಣ ನಿಮ್ಮ ಕಣ್ಣಿಗೆ ಚುಚ್ಚಲ್ಲ ಅಲ್ವಾ?”

ನಟಾಲ್ ಕೂತರು. ನಾನು ಪಟ್ಟಿಯಲ್ಲಿ ಎರಡು ಹೆಸರಿಗೆ ಗೆರೆ ಎಳೆದು, ಎರಡು ಮತಪತ್ರ ಹರಿದು ಕೊಟ್ಟೆ. ಎರಡೂ ಒಂದೇ ತರಹದವು. ಯಾವುದು ಅಣ್ಣನದು, ಯಾವುದು ತಂಗಿಯದು ಎಂದು ಕಾಗದ ಹೇಳುವುದಿಲ್ಲ. ಅವಳು ನನ್ನ ಮುಖ ನೋಡಿದಳು. ನಾನು ಪಟ್ಟಿ ನೋಡಿದೆ.

ಹಲಗೆಯ ಮರೆಯ ಹಿಂದೆ ಹೋದವಳು ಬರಲೇ ಇಲ್ಲ. ಕೆಳಗೆ ಅವಳ ಬೂಟುಗಳಷ್ಟೇ ಕಾಣುತ್ತಿದ್ದವು. ಎಡಗಾಲು ಬಲಗಾಲನ್ನು ತುಳಿಯುವುದು, ಬಲಗಾಲು ಎಡಗಾಲನ್ನು. ಐದು ನಿಮಿಷ. ಹತ್ತು ನಿಮಿಷ. ಸಾಲು ಬಾಗಿಲ ತನಕ ಬೆಳೆಯಿತು. “ಕಾದಂಬರಿ ಬರೀತಿದಾಳೇನ್ರೀ?” ಎಂದು ಹಿಂದಿನಿಂದ ಯಾರೋ ಕೂಗಿದರು. ಕೊನೆಗೆ ಹೊರಗೆ ಬಂದಳು, ಎರಡೂ ಕಾಗದ ಮಡಿಸಿ ಹಿಡಿದಿದ್ದಳು. ಪೆಟ್ಟಿಗೆಯ ಹತ್ತಿರ ಹೋದಳು. ಕೈ ಅದರ ಬಾಯಿಯ ತನಕ ಹೋಯಿತು, ನಿಂತಿತು. ತಿರುಗಿ ಮರೆಯ ಹಿಂದಕ್ಕೇ ಹೋದಳು. ಅಯ್ಯೋ ಕರ್ಮವೇ ಎಂದುಕೊಂಡೆ. ಮತ್ತೆ ಬಂದವಳು ನೇರ ನಟಾಲ್ ಮುಂದೆ ನಿಂತಳು.

“ತಪ್ಪು ಗುರುತು ಹಾಕಿದ್ರೆ ಇನ್ನೊಂದು ಕಾಗದ ಕೊಡ್ತೀರಂತೆ, ಹೌದಾ?”

“ಕೊಡ್ತೀವಿ. ಏನು ತಪ್ಪಾಯ್ತು?”

“ಅದನ್ನ ನೀವು ಕೇಳೋ ಹಾಗಿಲ್ಲ.”

ಅವಳ ಮಾತು ಸರಿಯಾಗಿತ್ತು. ನಟಾಲ್ ಕೆಂಪಗಾಗಿ, ಅವಳು ಕೊಟ್ಟ ಒಂದು ಕಾಗದವನ್ನು ಬಿಚ್ಚದೆ ಮೇಲೆ ರದ್ದು ಎಂದು ಬರೆದು ಲಕೋಟೆಗೆ ಹಾಕಿದರು. ನಾನು ಇನ್ನೊಂದು ಹರಿದು ಕೊಟ್ಟೆ. ಈ ಸಲ ಅರ್ಧ ನಿಮಿಷವೂ ಹಿಡಿಯಲಿಲ್ಲ. ಎರಡು ಕಾಗದ ಪೆಟ್ಟಿಗೆಗೆ ಬಿದ್ದವು. ನನ್ನ ಕಡೆ ತಿರುಗಿ ನೋಡದೆ ಹೊರಟುಹೋದಳು.

ಶುಕ್ರವಾರ ಬೆಳಿಗ್ಗೆ ರೇಡಿಯೋದಲ್ಲಿ ನಮ್ಮ ಕ್ಷೇತ್ರದ ಫಲಿತಾಂಶ ಬಂತು. ನೀಲಿ ಗೆದ್ದಿತ್ತು, ಮುನ್ನೂರು ಚಿಲ್ಲರೆ ಮತದ ಅಂತರ. ಅಂದರೆ ಬೆರಿಲ್ ತನ್ನ ಎರಡು ಕಾಗದವನ್ನು ಹೇಗೆ ಹಾಕಿದ್ದರೂ ಏನೂ ಬದಲಾಗುತ್ತಿರಲಿಲ್ಲ. ನಾನು ಅದನ್ನೇ ಹೇಳಿ ಅವಳನ್ನು ಸಮಾಧಾನ ಮಾಡೋಣವೆಂದು ಕಾರು ತೆಗೆದೆ. ಸಮಾಧಾನವೇ ಬೇಕಿರಲಿಲ್ಲ. ಮೂರು ವಾರದಲ್ಲಿ ಮೊದಲ ಬಾರಿಗೆ ಅವಳು ಆಸನಕ್ಕೆ ಬೆನ್ನು ಕೊಟ್ಟು ಕೂತಿದ್ದಳು.

“ಮಾತು ಉಳಿಸ್ಕೊಂಡೆ ಕಣೇ. ಅವನದು ನೀಲಿ. ನಂದು ಕೆಂಪು.”

“ಮತ್ತೆ ಡಾಕ್ಟರಮ್ಮ?”

“ಅವನಿಗೋಸ್ಕರ ನೀಲಿಗೆ ಹಾಕಿದ ಮೇಲೆ, ಅದನ್ನ ಹೊಡೆಯೋಕೆ ಕೆಂಪೇ ಬೇಕಲ್ಲ. ಹಳದಿ ಹೊಡೆಯುತ್ತಾ? ನನ್ನ ಮನಸ್ಸನ್ನ ಬದಿಗಿಟ್ಟೆ. ಇರ್ಲಿ ಬಿಡು. ಅವನೆದುರಿಗೆ ತಲೆಯೆತ್ಕೊಂಡು ಹೋಗ್ಬೋದು.”

ತಲೆಯೆತ್ತಿಕೊಂಡೇ ಹೋದಳು. ಕ್ಲಿಫ್ ರೇಡಿಯೋ ಕೇಳಿದ್ದ. ಅವನ ಪಕ್ಷ ಗೆದ್ದಿತ್ತಲ್ಲ, ಅಣಕಿಸುತ್ತಾನೆ, ಇವಳು ತಿರುಗಿ ಬೈಯುತ್ತಾಳೆ, ಎಲ್ಲ ಮೊದಲಿನಂತಾಗುತ್ತದೆ ಎಂದುಕೊಂಡು ನಾನು ಕುರ್ಚಿ ಎಳೆದು ಕೂತೆ. ಅವನು ಅಣಕಿಸಲಿಲ್ಲ. ತಂಗಿಯ ಮುಖವನ್ನೇ ನೋಡುತ್ತಿದ್ದ.

“ನಂದು ಹೇಗೆ ಹಾಕಿದೆ?” ಎಂದ.

“ನೀನು ಹೇಳಿದ ಹಾಗೇ. ನೀಲಿ. ಅಮ್ಮನಾಣೆ ಹಾಕಿದ್ನಲ್ಲ?”

“ನಿಜ ಹೇಳು, ಬೆರಿಲ್. ನಂಗೆ ಬೇಜಾರಿಲ್ಲ.”

“ನಿಜಾನೇ ಕಣೋ! ಯಾರಾಣೆ ಹಾಕ್ಲಿ ಇನ್ನ?”

ಕ್ಲಿಫ್ ಕಣ್ಣು ಮುಚ್ಚಿದ. “ಹುಟ್ಟಿದಾಗಿನಿಂದ ನನ್ನ ಒಂದು ಮಾತು ಕೇಳಿದವಳಲ್ಲ ನೀನು” ಎಂದ. “ಇದೊಂದು ಸಲ ಕೇಳ್ಬೇಕಾಗಿತ್ತೇನೇ?”

ಬೆರಿಲ್‌ಗೆ ಅರ್ಥವಾಗಲಿಲ್ಲ. ನನಗೂ ಒಂದು ಕ್ಷಣ ಆಗಲಿಲ್ಲ. ಅವನು ಕಣ್ಣು ತೆರೆಯದೆಯೇ ಹೇಳಿದ. ಜೀನ್ ಹಾಸಿಗೆ ಹಿಡಿದಿದ್ದಾಗ ಅವಳನ್ನು ತೊಳೆದು ಒರೆಸಲು ಒಬ್ಬ ಹೆಂಗಸು ಬರುತ್ತಿದ್ದಳು. ಸರ್ಕಾರದ ಲೆಕ್ಕದಲ್ಲಿ ಒಂದು ಮನೆಗೆಂದು ಅವಳಿಗೆ ಕೊಟ್ಟದ್ದು ಹದಿನೈದು ನಿಮಿಷ. ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕಣ್ಣು ಜೀನ್ ಮೇಲೆ. ಒಂದು ದಿನ ಅರ್ಧ ಮೈ ಒದ್ದೆಯಿರುವಾಗಲೇ ಹೊತ್ತು ಮುಗಿಯಿತು, ಪಾಪ ಆ ಹೆಂಗಸು ಅಳುತ್ತ ಮುಂದಿನ ಮನೆಗೆ ಓಡಿದಳು. ಟವೆಲ್ ಹಿಡಿದು ನಿಂತಾಗ, ನೀಲಿಯವರು ರೋಗಿಗಳ ಆರೈಕೆಗೂ ಕಾಸು ಎಣಿಸುತ್ತಾರೆ ಎಂದು ಅಪ್ಪ ಭಾನುವಾರದ ಮೇಜಿನಲ್ಲಿ ಕೂಗಾಡುತ್ತಿದ್ದದ್ದೆಲ್ಲ ನೆನಪಾಯಿತಂತೆ.

“ಎರಡು ವರ್ಷದಿಂದ ಅನ್ಕೊಂಡಿದ್ದೆ, ಈ ಸಲ ಕೆಂಪಿಗೆ ಹಾಕ್ಬೇಕು ಅಂತ” ಎಂದ. “ಬಾಯಲ್ಲಿ ಹೇಳೋಕೆ ಆಗ್ಲಿಲ್ಲ ಕಣೇ. ಮರೆ ಹಿಂದೆ ಒಬ್ಬನೇ ಹೋಗಿ ಹಾಕಿ ಬಂದುಬಿಡೋಣ, ನಿಂಗೂ ಗೊತ್ತಾಗಲ್ಲ ಅಂತಿದ್ದೆ. ಅಷ್ಟರಲ್ಲಿ ಬಿದ್ದೆ. ನಿನ್ನ ಹೆಸರು ಬರೆಸಿದ್ದೇ ಅದಕ್ಕೆ. ನೀಲಿ ಅಂತ ಹೇಳಿದ್ರೆ ನೀನು ಖಂಡಿತ ಕೆಂಪು ಹಾಕ್ತೀಯ ಅಂದ್ಕೊಂಡೆ.”

ಬೆರಿಲ್ ಎದ್ದು ನಿಂತಳು. ಕುರ್ಚಿ ಹಿಂದಕ್ಕೆ ಬಿತ್ತು.

“ನಾನು ಮೋಸ ಮಾಡ್ತೀನಿ ಅಂತ ನಂಬಿ ಕೂತಿದ್ಯಾ?”

“ಮಾಡ್ಲಿ ಅಂತ ಕಾಯ್ತಿದ್ದೆ.”

“ಬಾಯಿಬಿಟ್ಟು ಒಂದು ಮಾತು ಹೇಳೋಕೆ ಏನಾಗಿತ್ತೋ ನಿಂಗೆ? ನಾನೇನು ಊರಿಗೆಲ್ಲ ಡಂಗುರ ಹೊಡೀತಿದ್ನಾ? ಎಂಟು ದಿನ, ಕ್ಲಿಫ್, ಎಂಟು ದಿನ ನಾನು ಸತ್ತು ಹುಟ್ಟಿದೀನಿ! ಈಗ ಹೇಳು. ಈಗಲಾದ್ರೂ ಹೇಳು, ಯಾರಿಗೆ ಹಾಕ್ಬೇಕು ಅಂತಿದ್ದೆ?”

ಕ್ಲಿಫ್ ಕೋಣೆಯಲ್ಲಿದ್ದ ಇನ್ನು ಮೂರು ಮಂಚಗಳನ್ನು ನೋಡಿದ. ಆಮೇಲೆ ಎಲ್ಲರಿಗೂ ಕೇಳಿಸುವ ಹಾಗೆ, “ಲೇಬರ್!” ಎಂದ. ಪಕ್ಕದ ಮಂಚದ ಮುದುಕ ಪತ್ರಿಕೆ ಕೆಳಗಿಳಿಸಿ, “ನಿನ್ನೇನೇ ಮುಗೀತು ಕಣಪ್ಪ ಚುನಾವಣೆ” ಎಂದು ಮತ್ತೆ ಪತ್ರಿಕೆ ಏರಿಸಿಕೊಂಡ.

ಯಾರೂ ನಗಲಿಲ್ಲ. ಬೆರಿಲ್ ಬಗ್ಗಿ ಅಣ್ಣನ ಹೊದಿಕೆ ಸರಿಮಾಡಿದಳು, ನೀರಿನ ಲೋಟ ಅವನ ಕೈಗೆಟಕುವಲ್ಲಿಟ್ಟಳು, ಬಿದ್ದ ಕುರ್ಚಿ ಎತ್ತಿದಳು. “ನಾಳೆ ಬರ್ತೀನಿ” ಎಂದಳು. ಅವನು ತಲೆಯಾಡಿಸಿದ.

ಕಾರು ಹತ್ತಿ ಹೊರಟೆವು. ಗುಡ್ಡದ ದಾರಿಯಲ್ಲಿ ಕುರಿಗಳು ಅಡ್ಡ ಬಂದವು, ನಿಲ್ಲಿಸಿದೆ. ಆಗ ಕೇಳಿದಳು.

“ನಟಾಲ್‌ಗೆ ವಾಪಸ್ ಕೊಟ್ನಲ್ಲ ಆ ಕಾಗದ, ಅದರಲ್ಲಿ ಏನಿತ್ತು ಗೊತ್ತಾ?”

“ನಂಗೆ ಹೇಗೆ ಗೊತ್ತಾಗುತ್ತೆ?”

“ಹಳದಿ. ಮೊದಲು ಹಾಕಿದ್ದು ಒಂದು ಕೆಂಪು, ಒಂದು ಹಳದಿ. ಕೆಂಪು ಅವನದು ಅಂತ, ಹಳದಿ ನಂದು ಅಂತ. ಮೋಸಾನೇ ಮಾಡಿದ್ದೆ ಕಣೇ, ಥೆಲ್ಮಾ. ಪೆಟ್ಟಿಗೆ ತನಕ ಹೋದೆ. ಅವನು ಮಂಚದಲ್ಲಿ ಕೂತು ಸಹಿ ಹಾಕಿದ ಕೈ ನೆನಪಾಯ್ತು, ನನ್ನ ಕೈ ಏಳ್ಲಿಲ್ಲ. ಕೆಂಪನ್ನ ನಂದು ಅಂತ ಮಾಡ್ಕೊಂಡೆ, ಹಳದೀನ ವಾಪಸ್ ಕೊಟ್ಟೆ, ಹೊಸ ಕಾಗದದಲ್ಲಿ ಅವನ ಹೆಸರಲ್ಲಿ ನೀಲಿ ಹಾಕಿದೆ.”

ನಾನು ಅವಳ ಕಡೆ ತಿರುಗಿದೆ. ಮೊದಲು ಹಾಕಿದ್ದರಲ್ಲಿ ಅವನು ಬಯಸಿದ್ದೂ ಇತ್ತು, ಇವಳು ಬಯಸಿದ್ದೂ ಇತ್ತು. ಈಗ ಪೆಟ್ಟಿಗೆಯಲ್ಲಿದ್ದ ಎರಡರಲ್ಲಿ ಅವನ ಹೆಸರಿನದು ಅವನ ಮನಸ್ಸಿನದಲ್ಲ, ಇವಳ ಹೆಸರಿನದು ಇವಳ ಮನಸ್ಸಿನದಲ್ಲ. ಬೆರಿಲ್ ಅಳುತ್ತಿರಲಿಲ್ಲ. ಕುರಿಗಳು ದಾಟಿ ಮುಗಿದಿದ್ದವು, ನಾನು ಗಾಡಿ ಬಿಡುವುದನ್ನು ಮರೆತಿದ್ದೆ.

“ಅವನು ನನ್ನನ್ನ ಸರಿಯಾಗೇ ತಿಳ್ಕೊಂಡಿದ್ದ” ಎಂದಳು. “ಇನ್ನೊಂದೇ ಒಂದು ನಿಮಿಷ ನಾನು ಕಳ್ಳಿಯಾಗೇ ಇದ್ದಿದ್ರೆ ಸಾಕಾಗಿತ್ತು.”